ಬೀಳು ಬಿದ್ದ ಹೊಲದಲ್ಲಿ ನಾಟಿ ಹುಲ್ಲು ಮತ್ತೆ ಬೆಳೆಸಿಕೊಡೋ ಸರ್ವೀಸ್, ತಗೊಂಡು ನೋಡಿದ್ಮೇಲೆ ನನ್ನ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಸರ್ವೀಸ್ ಚೆನ್ನಾಗಿದೆ, 5ಕ್ಕೆ 4 ಸ್ಟಾರ್ ಕೊಡ್ತೀನಿ. ಒಂದು ಸ್ಟಾರ್ ಯಾಕೆ ಕಟ್ ಆಯ್ತು ಅನ್ನೋದು ಬೀಜದ ವಿಷಯಕ್ಕೂ ಹುಲ್ಲು ಸವರೋ ವಿಷಯಕ್ಕೂ ಬಂದಾಗ ಗೊತ್ತಾಗತ್ತೆ. ಬೇಸಾಯ ನಿಂತು ಎಷ್ಟೋ ವರ್ಷ ಆಗಿ, ಲಂಟಾನ ಕಾಂಗ್ರೆಸ್ ಗಿಡ ಎಲ್ಲ ಎದ್ದು, ಕಾಲಿಡೋಕೂ ಆಗದ ಹಾಗೆ ಆಗಿರೋ ಹೊಲವನ್ನ ಮತ್ತೆ ಹುಲ್ಲುಗಾವಲು ಮಾಡಿ ಹಕ್ಕಿ, ಮೊಲ, ಚಿಟ್ಟೆ ಇರೋಕೆ ಆಗೋ ಹಾಗೆ ನೋಡಿಕೊಳ್ಳೋ ಕೆಲಸ ಇವರದ್ದು. ಹೊಲ ನೋಡಿ ಪ್ಲಾನ್ ಕೊಡ್ತಾರೆ, ಹೊರಗಿಂದ ಬಂದ ಗಿಡ ತೆಗೀತಾರೆ, ಬೇಕಾದ್ರೆ ಬೀಜ ಹಾಕ್ತಾರೆ, ಆಮೇಲೆ ಕೆಲವು ವರ್ಷ ಬಂದು ನೋಡ್ಕೊಂಡು ಹೋಗ್ತಾರೆ. ಟೀಮಿನ ಹೆಸರು ಹಾಕ್ತಿಲ್ಲ, ಯಾಕಂದ್ರೆ ಇದೇ ಕೆಲಸ ಬೇರೆ ಬೇರೆಯವರೂ ಮಾಡ್ತಾರೆ, ನೀವು ಯಾರನ್ನ ಕರೆದ್ರೂ ನೋಡಬೇಕಾದ್ದು ಇದನ್ನೇ.

ನನಗೆ ಇವರು ಇಷ್ಟ ಆಗಿದ್ದು ಮೊದಲ ವಿಸಿಟ್‌ನಲ್ಲೇ. ಇವರಿಗಿಂತ ಮುಂಚೆ ಇನ್ನೊಬ್ರನ್ನ ಕೇಳಿದ್ದೆ, ಅವರು ಗೇಟ್ ಹತ್ರ ನಿಂತೇ ಹೊಲ ನೋಡಿ, ಪೂರ್ತಿ ರೋಟಾವೇಟರ್ ಹೊಡೆದು ಹೊಸದಾಗಿ ಬೀಜ ಹಾಕ್ತೀವಿ ಒಂದು ವಾರದಲ್ಲಿ ಮುಗಿಸ್ತೀವಿ ಅಂದಿದ್ರು. ಇವರು ಹಾಗಲ್ಲ, ಟೀಮಿನ ಹಿರಿಯರೊಬ್ರು ಬೆಳಿಗ್ಗೆ ಬಂದವರು ಬದು ಹಿಡ್ಕೊಂಡು ಸುತ್ತು ಹಾಕೋಕೆ ಶುರು ಮಾಡಿದ್ರು, ಹೊಲದ ಒಳಗೆ ಹೋಗಿದ್ದು ಆಮೇಲೆ. ಯಾಕೆ ಅಂದ್ರೆ ನೇಗಿಲು ಬೀಳದ ಜಾಗ ಅಂದ್ರೆ ಬದು, ಕಲ್ಲುಗುಡ್ಡೆ, ಹಳೇ ಮರದ ಬುಡ, ಹಳೇ ಹುಲ್ಲು ಉಳ್ಕೊಂಡಿರೋದೇ ಅಲ್ಲಿ. ನಮ್ಮ ಬದುವಿನ ಮೇಲೆ ಸೂಜಿ ಹುಲ್ಲು ಇತ್ತು, ನಡೆದ್ರೆ ಪ್ಯಾಂಟಿಗೆ ಚುಚ್ಕೊಂಡು ಮನೆವರೆಗೂ ಬರತ್ತಲ್ಲ ಅದು, ಹೆಟೆರೋಪೋಗಾನ್ ಕಂಟಾರ್ಟಸ್ ಅಂತ ಅದರ ವೈಜ್ಞಾನಿಕ ಹೆಸರು. ನಾನು ಅದನ್ನ ಕಳೆ ಲೆಕ್ಕದಲ್ಲೇ ನೋಡ್ತಿದ್ದೆ. ಅವರು ಒಂದೊಂದು ಬುಡಕ್ಕೂ ಕೆಂಪು ಬಟ್ಟೆ ಚೂರು ಕಟ್ಟಿಸ್ತಾ ಹೋದ್ರು, "ಇವು ಉಳೀಬೇಕು ಸರ್, ಇಷ್ಟು ಇದಾವಲ್ಲ, ಎಲ್ಲ ಕಡೆ ಬೀಜ ತಂದು ಹಾಕೋದೇ ಬೇಡ" ಅಂದ್ರು. ಬೀಜ ಮಾರೋರೇ ಬೀಜ ಬೇಡ ಅಂದ್ರೆ ಅಲ್ಲೇ ಒಂದು ನಂಬಿಕೆ ಬರತ್ತೆ.

ಪೂರ್ತಿ ಉಳೋದು ಯಾಕೆ ಬೇಡ ಅನ್ನೋದನ್ನೂ ಬಿಡಿಸಿ ಹೇಳಿದ್ರು. ಮಣ್ಣಲ್ಲಿ ಕಳೆ ಬೀಜ ಎಷ್ಟು ಕಾಲ ಜೀವ ಹಿಡ್ಕೊಂಡಿರತ್ತೆ ಅಂದ್ರೆ, ಅಮೆರಿಕದ ಮಿಶಿಗನ್‌ನಲ್ಲಿ ವಿಲಿಯಂ ಜೇಮ್ಸ್ ಬೀಲ್ ಅನ್ನೋ ವಿಜ್ಞಾನಿ 1879ರಲ್ಲಿ ಬಾಟ್ಲಿಗಳಲ್ಲಿ ಬೀಜ ತುಂಬಿ ಹೂತಿಟ್ಟಿದ್ರು, 2021ರಲ್ಲಿ ಅದರಲ್ಲೊಂದು ಬಾಟ್ಲಿ ತೆಗೆದು ಬಿತ್ತಿದ್ರೆ ಆಗಲೂ ಕೆಲವು ಬೀಜ ಮೊಳೆತ್ವು. ನಾಟಿ ಹುಲ್ಲಿನ ಬೀಜ ಸಾಮಾನ್ಯವಾಗಿ ಅಷ್ಟು ಗಟ್ಟಿ ಇರಲ್ಲ, ಕೆಲವೇ ವರ್ಷದಲ್ಲಿ ಸತ್ತು ಹೋಗತ್ತೆ. ಹಾಗಾಗಿ ಆಳವಾಗಿ ಉತ್ತು ಮಗುಚಿದ್ರೆ ಮೇಲೆ ಬರೋದು ಜಾಸ್ತಿ ಕಳೇನೇ, ಅದರ ಜೊತೆಗೆ ಬದುಕಿದ್ದ ಹುಲ್ಲಿನ ಬುಡಾನೂ ಕಿತ್ತು ಹೋಗತ್ತೆ.

ಹುಲ್ಲು ಅಂದ್ರೆ ಹುಲ್ಲು, ಯಾವ್ದಾದ್ರೇನು ಅಂತ ತುಂಬಾ ಜನ ಕೇಳ್ತಾರೆ, ನನ್ನ ಚಿಕ್ಕಪ್ಪನೂ ಕೇಳಿದ್ರು. ಇದನ್ನ ನೆಲಕ್ಕೆ ಬಗ್ಗಿ ನೋಡಿದ್ರೇ ಅರ್ಥ ಆಗೋದು. ಹಿರಿಯರು ನನ್ನನ್ನ ಕೂರಿಸಿ, ಮುಖ ನೆಲದ ಹತ್ರ ತಗೊಂಡು ಹೋಗಿ ನೋಡೋಕೆ ಹೇಳಿದ್ರು. ಹಾಸಿಕೊಂಡು ಬೆಳೆಯೋ ಹುಲ್ಲಿನ ಕೆಳಗೆ ಬೆರಳು ತೂರಿಸೋಕೂ ಜಾಗ ಇರಲ್ಲ, ಬೇರು ಕಾಂಡ ಒಣ ಎಲೆ ಎಲ್ಲ ಹೆಣೆದುಕೊಂಡಿರತ್ತೆ. ಬುಡ ಬುಡವಾಗಿ ತೆಂಡೆ ಒಡೆದು ಬೆಳೆಯೋ ನಾಟಿ ಹುಲ್ಲಲ್ಲಿ ಹಾಗಿರಲ್ಲ, ಮೇಲೆ ಹುಲ್ಲು ಕೊಡೆ ಬಿಚ್ಚಿದ ಹಾಗೆ ಬಾಗಿರತ್ತೆ, ಕೆಳಗೆ ಎರಡು ಬುಡದ ಮಧ್ಯೆ ಬರೀ ಮಣ್ಣು, ಸಣ್ಣ ಸಣ್ಣ ದಾರಿ. ಲಾವಕ್ಕಿ, ಗೌಜಲಹಕ್ಕಿ ಮರಿಗಳು ಮೊಟ್ಟೆಯಿಂದ ಹೊರಗೆ ಬಂದ ಸ್ವಲ್ಪ ಹೊತ್ತಿಗೇ ಓಡಾಡಬೇಕು, ಹಾರೋಕೆ ಬರಲ್ಲ, ಮೊದಮೊದಲು ಅವು ಬದುಕೋದು ಹೆಚ್ಚಾಗಿ ಹುಳ ತಿಂದೇ. ಆ ದಾರಿ ಇದ್ರೆ ತಾಯಿ ಹಿಂದೆ ಓಡ್ತಾ ಹುಳ ಹಿಡಿಯತ್ತೆ, ಮೇಲಿಂದ ಗಿಡುಗಕ್ಕೂ ಕಾಣಲ್ಲ. ಹಾಸಿಕೊಂಡ ಹುಲ್ಲಲ್ಲಿ ಅದೇ ಮರಿ ಸಿಕ್ಕಿಹಾಕ್ಕೊಂಡು, ಬೆಳಗಿನ ಮಂಜಿಗೆ ಒದ್ದೆಯಾಗಿ ಚಳಿಗೇ ಸತ್ತು ಹೋಗಬಹುದು. ಇನ್ನೊಂದು ವಿಷಯ, ಹುಳ ಬರೋದು ಬರೀ ಹುಲ್ಲಿಗಲ್ಲ, ಹುಲ್ಲಿನ ಮಧ್ಯೆ ಇರೋ ಅಗಲ ಎಲೆಯ ಹೂವಿನ ಗಿಡಗಳಿಗೆ, ಕಾಡು ದ್ವಿದಳ ಜಾತಿಗಳಿಗೆ. ಬರೀ ಹುಲ್ಲು ತುಂಬಿದ ಹೊಲ ದೂರದಿಂದ ನೋಡೋಕೆ ಚೆಂದ ಅಷ್ಟೇ, ಮರಿಗೆ ಅಲ್ಲಿ ಊಟ ಕಮ್ಮಿ.

ಗಿಡ ತೆಗೆಯೋ ಕೆಲಸಕ್ಕೆ ಇವರಿಗೆ ಪೂರ್ತಿ ಮಾರ್ಕ್ಸ್. ಲಂಟಾನವನ್ನ ಮೇಲೆ ಮೇಲೆ ಕಡಿದ್ರೆ ಮಳೆ ಬಿದ್ದ ತಕ್ಷಣ ಇನ್ನೂ ದಟ್ಟವಾಗಿ ಚಿಗುರತ್ತೆ, ಇವರು ನೆಲದ ಕೆಳಗೆ, ಚಿಗುರು ಒಡೆಯೋ ಗಂಟಿನ ಕೆಳಗೆ ಮುಖ್ಯ ಬೇರನ್ನೇ ಕಡಿದು ಪೊದೆಯನ್ನ ತಲೆಕೆಳಗು ಮಾಡಿ ಅಲ್ಲೇ ಒಣಗೋಕೆ ಬಿಟ್ರು. ಮತ್ತೆ ಚಿಗುರಿದ್ದು ತೀರ ಕಮ್ಮಿ, ಮೊಳಕೆ ಬಂದವನ್ನ ಮಳೆಗಾಲದಲ್ಲಿ ಕೈಯಲ್ಲೇ ಕಿತ್ತಾಕಿದ್ರು. ಪೂರ್ತಿ ಬಯಲು ಮಾಡಲಿಲ್ಲ ಅನ್ನೋದೂ ಮುಖ್ಯ, ನಾಟಿ ಜಾತಿ ಮುಳ್ಳುಪೊದೆಗಳನ್ನ ಅಲ್ಲೊಂದು ಇಲ್ಲೊಂದು ಬಿಟ್ರು, ಬಿಸಿಲಿಗೆ ಮತ್ತೆ ಬೇಟೆ ಹಕ್ಕಿ ಬಂದಾಗ ಅಡಗೋಕೆ ಅವು ಬೇಕು. ಗಿನಿ ಹುಲ್ಲಿನ ಬುಡಗಳನ್ನ ಬೀಜ ಕಟ್ಟೋ ಮುಂಚೇನೇ ಗುದ್ದಲಿಯಲ್ಲಿ ಎಬ್ಬಿಸಿದ್ರು. ಕಳೆನಾಶಕ ಬೇಕೇ ಬೇಕು ಅನ್ನೋ ಜಾಗ ಇದ್ರೆ ಒಂದೊಂದೇ ಬುಡಕ್ಕೆ, ನಾಟಿ ಹುಲ್ಲು ಒಣಗಿ ಮಲಗಿರೋ ಕಾಲದಲ್ಲಿ, ಲೇಬಲ್‌ನಲ್ಲಿ ಹೇಳಿದ ಪ್ರಮಾಣದಲ್ಲಿ ಮಾತ್ರ ಅಂದ್ರು, ನಮ್ಮಲ್ಲಿ ಅದರ ಅಗತ್ಯ ಬೀಳಲಿಲ್ಲ.

ಯಾವ ಹುಲ್ಲು ಪರಕೀಯ ಅನ್ನೋದು ಜಾಗದ ಮೇಲೆ ನಿಂತಿದೆ, ಇದನ್ನ ತಿಳಿಯದವರ ಹತ್ರ ಬೀಜ ತಗೊಳ್ಳಬೇಡಿ. ನಮ್ಮ ಗರಿಕೆ ಅಮೆರಿಕದ ಹೊಲಗಳಲ್ಲಿ ಬಿಡಿಸೋಕೆ ಆಗದ ಕಳೆ. ಆಫ್ರಿಕಾ, ಭಾರತದ ಒಣ ಪ್ರದೇಶದ ಸೆಂಕ್ರಸ್ ಸಿಲಿಯಾರಿಸ್ ಹುಲ್ಲನ್ನ ಮೇವಿಗೆ ಅಂತ ಆಸ್ಟ್ರೇಲಿಯಾಗೂ ಅಮೆರಿಕದ ಅರಿಜೋನಾಗೂ ತಗೊಂಡು ಹೋದ್ರು, ಈಗ ಅದು ಅಲ್ಲಿನ ಮರುಭೂಮಿಯಲ್ಲಿ ಹಬ್ಬಿ ಬೆಂಕಿ ಹರಡಿಸ್ತಿದೆ, ಅರಿಜೋನಾದಲ್ಲಂತೂ ಬೆಂಕಿಗೆ ಒಗ್ಗದ ದೊಡ್ಡ ದೊಡ್ಡ ಕಳ್ಳಿಗಳು ಸುಟ್ಟು ಹೋಗ್ತಿವೆ. ಯುರೋಪಿನ ಟಾಲ್ ಫೆಸ್ಕ್ಯೂ ಹುಲ್ಲಿನ ಕೆಂಟಕಿ 31 ಅನ್ನೋ ತಳಿ 1943ರಲ್ಲಿ ಬಿಡುಗಡೆ ಆಗಿ ಅಮೆರಿಕದಲ್ಲಿ ಎಷ್ಟು ಹಬ್ಬಿತು ಅಂದ್ರೆ, ಅಲ್ಲಿ ಹಳೇ ಹೊಲದಲ್ಲಿ ಲಾವಕ್ಕಿ ಥರದ ಹಕ್ಕಿಗೆ ಜಾಗ ಮಾಡಬೇಕು ಅಂದ್ರೆ ಮೊದಲು ಮಾಡೋ ಕೆಲಸಾನೇ ಆ ಫೆಸ್ಕ್ಯೂ ತೆಗೆಯೋದು. ಆನ್‌ಲೈನಲ್ಲಿ "ಎಲ್ಲ ಮಣ್ಣಿಗೂ ಆಗೋ ವೈಲ್ಡ್‌ಲೈಫ್ ಮಿಕ್ಸ್" ಅಂತ ಮಾರೋ ಪ್ಯಾಕೆಟ್ ನೋಡಿದಾಗೆಲ್ಲ ನನಗೆ ಇದೇ ನೆನಪಾಗತ್ತೆ.

ಗೊಬ್ಬರ ಹಾಕ್ಬೇಡಿ ಅಂತ ಇವರು ಹೇಳಿದ್ದು ಸರಿಯಾದ ಸಲಹೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ ಪಾರ್ಕ್ ಗ್ರಾಸ್ ಅಂತ ಒಂದು ಪ್ರಯೋಗ 1856ರಿಂದ ಇವತ್ತಿಗೂ ನಡೀತಿದೆ, ಗೊಬ್ಬರ ಹಾಕದ ತುಂಡಲ್ಲಿ ಹುಲ್ಲು ಹೂವು ಸೇರಿ ಹತ್ತಾರು ಜಾತಿ, ಸಾರಜನಕ ಜಾಸ್ತಿ ಹಾಕ್ತಾ ಬಂದ ತುಂಡಲ್ಲಿ ಬೆರಳೆಣಿಕೆಯಷ್ಟು ಜಾತಿ. ಯೂರಿಯಾ ಹಾಕಿದ್ರೆ ಬೇಗ ಬೆಳೆಯೋದು ಕಳೆ ಮತ್ತೆ ಹಾಸು ಹುಲ್ಲು, ನಿಧಾನಕ್ಕೆ ಬರೋ ನಾಟಿ ಹುಲ್ಲು ಅವುಗಳ ನೆರಳಲ್ಲೇ ಸಾಯತ್ತೆ.

ಈಗ ಬೀಜದ ವಿಷಯ, ನನ್ನ ಮೊದಲ ತಕರಾರು ಇಲ್ಲಿ. ಹೊಲದ ನಡುಭಾಗದಲ್ಲಿ ಹಳೇ ಹುಲ್ಲು ಒಂದೂ ಉಳಿದಿರಲಿಲ್ಲ, ಅಲ್ಲಿಗೆ ಮಾತ್ರ ಬೀಜ ಬೇಕಿತ್ತು. ಇವರು ಕೊಟ್ಟ ಚೀಲದ ಮೇಲೆ ತೂಕ ಬಿಟ್ರೆ ಬೇರೆ ವಿವರ ಇರಲಿಲ್ಲ. ನಾಟಿ ಹುಲ್ಲಿನ ಬೀಜದಲ್ಲಿ ತೂಕ ನೋಡಿದ್ರೆ ಏನೂ ಗೊತ್ತಾಗಲ್ಲ, ಯಾಕಂದ್ರೆ ಅದರಲ್ಲಿ ಹೊಟ್ಟು, ಕಡ್ಡಿ, ಜೊಳ್ಳು ತುಂಬಾ ಇರತ್ತೆ. ನೋಡಬೇಕಾದ್ದು ಎರಡು ಅಂಕಿ, ಶುದ್ಧತೆ ಎಷ್ಟು ಪರ್ಸೆಂಟ್, ಮೊಳಕೆ ಎಷ್ಟು ಪರ್ಸೆಂಟ್. ಎರಡನ್ನೂ ಗುಣಿಸಬೇಕು. ಶುದ್ಧತೆ 60, ಮೊಳಕೆ 50 ಅಂತ ಇಟ್ಕೊಳ್ಳಿ, ಆಗ ಚೀಲದಲ್ಲಿ ನಿಜವಾಗಿ ಹುಟ್ಟೋ ಬೀಜ 30 ಪರ್ಸೆಂಟ್, ಅಂದ್ರೆ 10 ಕೆಜಿ ಚೀಲ ತಂದ್ರೆ ಲೆಕ್ಕಕ್ಕೆ ಸಿಗೋದು 3 ಕೆಜಿ. ಎಕರೆಗೆ ಇಷ್ಟು ಕೆಜಿ ಅಂತ ಹೇಳಿದ್ರೆ ಅದು ಈ 3 ಕೆಜಿ ಲೆಕ್ಕನಾ ಚೀಲದ ಲೆಕ್ಕನಾ ಅಂತ ಕೇಳ್ಲೇಬೇಕು. ನಾನು ಕೇಳಿದ್ಮೇಲೆ ಟೆಸ್ಟ್ ರಿಪೋರ್ಟ್ ಕಳಿಸಿದ್ರು, ಆದ್ರೆ ಕೇಳದೇ ಕೊಡಬೇಕಿತ್ತು. ಇನ್ನೊಂದು, ಮಿಕ್ಸ್‌ನಲ್ಲಿ ಎತ್ತರದ ಹುಲ್ಲೇ ಜಾಸ್ತಿ, ಹೂವಿನ ಗಿಡ ಹೆಸರಿಗೆ ಮಾತ್ರ ಇತ್ತು. ಮರಿಗಳಿಗೆ ಹುಳ ಬೇಕು ಅಂತ ಅವರೇ ಅಷ್ಟು ಚೆನ್ನಾಗಿ ಪಾಠ ಮಾಡಿ, ಬೀಜ ಕೊಡುವಾಗ ಹೂವಿನ ಗಿಡ ಕಮ್ಮಿ ಮಾಡಿದ್ರೆ ಹೇಗೆ. ದಟ್ಟವಾಗಿ ಹುಲ್ಲು ಬಿತ್ತಿದ್ರೆ ಕೆಲವೇ ವರ್ಷಕ್ಕೆ ಆ ಬರೀ ಮಣ್ಣಿನ ದಾರಿಗಳೂ ಮುಚ್ಚಿ ಹೋಗತ್ತೆ. ಅಲ್ಲಿಗೆ ಒಂದು ಸ್ಟಾರ್‌ನಲ್ಲಿ ಅರ್ಧ ಹೋಯ್ತು.

ಬಿತ್ತಿದ ರೀತಿ ಮಾತ್ರ ಸೂಪರ್. ಈ ಬೀಜಗಳಿಗೆ ನಯವಾದ ಕೂದಲು, ಉದ್ದ ಬಾಲ ಎಲ್ಲ ಇರತ್ತೆ, ಒಂದಕ್ಕೊಂದು ಹೆಣೆದುಕೊಂಡು ಹತ್ತಿ ಉಂಡೆ ಥರ ಆಗಿ ಮಾಮೂಲಿ ಕೂರಿಗೆಯ ತೂತಲ್ಲಿ ಇಳಿಯಲ್ಲ. ಬೀಜ ಕಲಕಿ ಎಳೆದು ಬಿಡೋ ಚಕ್ರ ಇರೋ ಬೇರೆ ಥರದ ಕೂರಿಗೆ ಬರತ್ತೆ, ಇಲ್ಲಾಂದ್ರೆ ಒಣ ಮರಳು ಬೆರೆಸಿ ಕೈಯಲ್ಲಿ ಎರಚಬೇಕು. ಇವರು ಮರಳು ಬೆರೆಸಿ, ಒಂದ್ಸಲ ಉದ್ದಕ್ಕೆ ಒಂದ್ಸಲ ಅಡ್ಡಕ್ಕೆ ಎರಚಿಸಿದ್ರು. ಅದಕ್ಕೂ ಮುಂಚೆ ನೆಲವನ್ನ ಗಟ್ಟಿ ಮಾಡಿದ್ರು, ನಡೆದ್ರೆ ಹೆಜ್ಜೆ ಗುರುತು ಮೇಲುಮೇಲೆ ಮಾತ್ರ ಮೂಡಬೇಕು, ಕಾಲು ಹೂತುಹೋದ್ರೆ ಮಣ್ಣು ಸಡಿಲ ಇದೆ ಅಂತ ಅರ್ಥ. ಬೀಜ ಅರ್ಧ ಸೆಂಟಿಮೀಟರ್‌ಗಿಂತ ಜಾಸ್ತಿ ಆಳ ಹೋಗಬಾರದು, ಸಡಿಲ ಮಣ್ಣಲ್ಲಿ ಆಳಕ್ಕೆ ಬಿದ್ದ ಸಣ್ಣ ಬೀಜ ಮೊಳೆತ್ರೂ ಮೇಲೆ ಬರೋಕೆ ಶಕ್ತಿ ಇರಲ್ಲ. ಎರಚಿದ್ಮೇಲೆ ಮತ್ತೆ ಒಂದ್ಸಲ ರೋಲರ್ ಹೊಡೆದ್ರು.

ಸೂಜಿ ಹುಲ್ಲಿನ ಬೀಜ ತನ್ನನ್ನ ತಾನೇ ಹೂತ್ಕೊಳ್ಳೋದನ್ನ ಆವತ್ತು ನೋಡಿದೆ, ಇದು ರಿವ್ಯೂಗೆ ಸಂಬಂಧ ಇಲ್ಲದಿದ್ರೂ ಹೇಳ್ಲೇಬೇಕು. ಹಿರಿಯರು ಅಂಗೈ ಮೇಲೆ ಒಂದು ಬೀಜ ಇಟ್ಟು ಒಂದು ಹನಿ ನೀರು ಬಿಟ್ರು. ಹುರಿ ಹಾಕಿದ ಹಾಗಿದ್ದ ಕಂದು ಬಾಲ ನಿಧಾನಕ್ಕೆ ಬಿಚ್ಚಿಕೊಳ್ತಾ ಗಿರ್ರನೆ ತಿರುಗೋಕೆ ಶುರು ಆಯ್ತು, ಮುಂದಿನ ಚೂಪು ತುದಿ ಚರ್ಮಕ್ಕೆ ಒತ್ತೋದು ಗೊತ್ತಾಗ್ತಿತ್ತು. ಒಣಗಿದ್ರೆ ಮತ್ತೆ ಹುರಿಯಾಗತ್ತೆ, ಒದ್ದೆ ಆದ್ರೆ ಬಿಚ್ಚತ್ತೆ, ಹಾಗೆ ತಿರುಗ್ತಾ ತಿರುಗ್ತಾ ಮಣ್ಣೊಳಗೆ ಇಳಿಯತ್ತೆ. ತುದಿಯಲ್ಲಿರೋ ಹಿಂದಕ್ಕೆ ಬಾಗಿದ ಕೂದಲು ಅದನ್ನ ವಾಪಸ್ ಬರೋಕೆ ಬಿಡಲ್ಲ.

ಮೊದಲ ವರ್ಷ ನಿಮಗೆ ನಿರಾಸೆ ಆಗತ್ತೆ, ಇದನ್ನ ಇವರು ಪ್ಲಾನ್‌ನಲ್ಲೇ ಬರೆದು ಕೊಟ್ಟಿದ್ರು. ಈ ಹುಲ್ಲುಗಳು ಮೊದಲು ಬೇರು ಇಳಿಸ್ತವೆ, ಮೇಲೆ ಕಾಣೋದು ಎರಡೋ ಮೂರೋ ಎಲೆ, ಸುತ್ತ ಎದೆಮಟ್ಟ ಕಳೆ. ಚಿಕ್ಕಪ್ಪ ಬಂದು ನೋಡಿ "ಏನಪ್ಪ ಇದು, ದುಡ್ಡು ಕೊಟ್ಟು ಹೊಲ ಹಾಳು ಮಾಡಿಸ್ಕೊಂಡ್ಯಲ್ಲೋ" ಅಂದ್ರು. ಅವರ ಕೈಹಿಡ್ಕೊಂಡು ಹೋಗಿ ಕಳೆ ಸರಿಸಿ ಕೆಳಗಿದ್ದ ಎಳೇ ಬುಡ ತೋರಿಸಿದೆ, "ಇದಾ?" ಅಂದು ಕೂತ್ಕೊಂಡು ಮುಟ್ಟಿ ನೋಡಿದ್ರು. ಈ ಹಂತದಲ್ಲಿ ಮಾಡೋ ಕೆಲಸ ಒಂದೇ, ಕಳೆ ಬೀಜ ಕಟ್ಟೋ ಮುಂಚೆ ಬ್ರಷ್ ಕಟರ್‌ನಲ್ಲಿ 15ರಿಂದ 20 ಸೆಂಟಿಮೀಟರ್ ಎತ್ತರ ಬಿಟ್ಟು ಸವರೋದು, ಆಗ ಕಳೆಯ ತಲೆ ಹೋಗತ್ತೆ, ಕೆಳಗಿನ ಎಳೇ ಹುಲ್ಲಿಗೆ ಬಿಸಿಲು ಸಿಗತ್ತೆ.

ಎರಡನೇ ತಕರಾರು ಇಲ್ಲೇ. ಪ್ಲಾನ್ ಬರೆದವರು ಒಬ್ರು, ಸವರೋಕೆ ಬರೋರು ಇನ್ನೊಬ್ರು. ಮುಂದಿನ ವರ್ಷ ಹುಡುಗರು ಯಾರಿಗೂ ಹೇಳದೇ ಬಂದು, ಬಿತ್ತದೇ ಬಿಟ್ಟಿದ್ದ, ಹಳೇ ಹುಲ್ಲು ಚೆನ್ನಾಗಿ ಎದ್ದಿದ್ದ ಕಡೆ ಮಷೀನ್ ಆನ್ ಮಾಡಿದ್ರು, ಅದೂ ಹಕ್ಕಿ ಗೂಡು ಮಾಡೋ ಕಾಲದಲ್ಲಿ. ನಾನು ಓಡಿ ಹೋಗಿ ನಿಲ್ಲಿಸೋ ಹೊತ್ತಿಗೆ ಒಂದು ಪಟ್ಟಿ ಆಗಿಹೋಗಿತ್ತು, ಅದರಲ್ಲಿ ಗೌಜಲಹಕ್ಕಿ ಗೂಡು, ಮೊಟ್ಟೆಗಳು ಒಡೆದು ಹುಲ್ಲಿಗೆ ಅಂಟಿದ್ವು. ತುಂಬಾ ನೋವಾಯ್ತು. ನೆಲದ ಮೇಲೆ ಗೂಡು ಮಾಡೋ ಹಕ್ಕಿ ಅಪಾಯ ಬಂದ್ರೂ ಕೊನೇ ಕ್ಷಣದವರೆಗೂ ಅಲುಗಾಡದೇ ಕೂರತ್ತೆ, ಮಷೀನ್ ಮುಂದೆ ಆ ಬುದ್ಧಿ ಅದನ್ನ ಉಳಿಸಲ್ಲ. ಫೋನ್ ಮಾಡಿದಾಗ ಹಿರಿಯರು ಖುದ್ದು ಬಂದ್ರು, ತಪ್ಪು ಒಪ್ಕೊಂಡ್ರು, ಯಾವ ತಿಂಗಳಲ್ಲಿ ಯಾವ ಭಾಗಕ್ಕೆ ಕಾಲಿಡಬಾರದು ಅಂತ ಬರೆದ ಚಾರ್ಟ್ ಹುಡುಗರ ಕೈಗೂ ಕೊಟ್ರು, ಆಮೇಲೆ ಹಾಗಾಗಿಲ್ಲ. ಅನಿವಾರ್ಯವಾಗಿ ಸವರಲೇಬೇಕಾದ್ರೆ ಹೊಲದ ನಡುವಿಂದ ಶುರು ಮಾಡಿ ಹೊರಗೆ ಬರಬೇಕು, ಆಗ ಪ್ರಾಣಿಗಳಿಗೆ ಬದುವಿನ ಕಡೆ ಓಡೋಕೆ ದಾರಿ ಇರತ್ತೆ, ಹೊರಗಿಂದ ಒಳಕ್ಕೆ ಸುತ್ತು ಹಾಕಿದ್ರೆ ಎಲ್ಲ ನಡುವಲ್ಲಿ ಸಿಕ್ಕಿಬೀಳ್ತವೆ.

ಹುಲ್ಲು ನಿಂತ ಮೇಲೆ ಕೆಲಸ ಮುಗೀತು ಅನ್ಕೋಬೇಡಿ. ಸುಮ್ನೆ ಬಿಟ್ರೆ ಒಣ ಹುಲ್ಲು ಪದರ ಪದರ ಬಿದ್ದು ನೆಲ ಮುಚ್ಚತ್ತೆ, ಪೊದೆ ಮರ ಏಳತ್ತೆ. ಪ್ರತಿ ವರ್ಷ ಪೂರ್ತಿ ಸವರಿದ್ರೂ ಕೆಟ್ಟದ್ದೇ, ಕತ್ತರಿಸಿದ ಹುಲ್ಲು ಅಲ್ಲೇ ಕೊಳೆತು ಹಾಸಾಗತ್ತೆ, ಒಣಗಾಲದಲ್ಲಿ ಅಡಗೋಕೆ ಏನೂ ಉಳಿಯಲ್ಲ. ಇವರ ಪದ್ಧತಿ ಏನಂದ್ರೆ ಹೊಲವನ್ನ ಮೂರು ಭಾಗ ಮಾಡಿ, ವರ್ಷಕ್ಕೆ ಒಂದು ಭಾಗಕ್ಕೆ ಮಾತ್ರ ಕೈ ಹಾಕೋದು, ಉಳಿದ ಎರಡು ಭಾಗ ಹಾಗೇ. ಕೈ ಹಾಕೋದು ಅಂದ್ರೆ ಒಣಗಾಲದಲ್ಲಿ ಮೇಲುಮೇಲೆ ಕುಂಟೆ ಹೊಡೆಯೋದು, ಇದರಿಂದ ಹೂವಿನ ಗಿಡಗಳು ಏಳ್ತವೆ. ಇಲ್ಲಾಂದ್ರೆ ನಿಯಂತ್ರಿತ ಬೆಂಕಿ. ಬೆಂಕಿ ಅಂದ ತಕ್ಷಣ ನನಗೂ ಭಯ ಆಯ್ತು, ಆದ್ರೆ ಹುಲ್ಲಿನ ಜೀವ ನೆಲದ ಕೆಳಗಿರತ್ತೆ, ಸುಟ್ಟ ಮೇಲೆ ಕಪ್ಪು ನೆಲ ಬಿಸಿಲು ಹೀರಿ ಬೇಗ ಚಿಗುರತ್ತೆ, ಸಣ್ಣ ಮರದ ಗಿಡಗಳಿಗೆ ಪೆಟ್ಟು ಬೀಳತ್ತೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಮ್ಯಾಡಿಸನ್‌ನ ಅರ್ಬೊರೇಟಂ ಅನ್ನೋ ಸಸ್ಯೋದ್ಯಾನದಲ್ಲಿ ಕರ್ಟಿಸ್ ಪ್ರೇರಿ ಅಂತಿದೆ, ಅದೂ ಬೇಸಾಯ ಬಿಟ್ಟ ಹೊಲಾನೇ, 1930ರ ದಶಕದಲ್ಲಿ ಅಲ್ಲಿ ನಾಟಿ ಹುಲ್ಲು ತರೋ ಕೆಲಸ ಶುರು ಮಾಡಿದ್ರು, ಬೆಂಕಿ ಹಾಕಿದ್ರೆ ಹುಲ್ಲಿಗೆ ಏನಾಗತ್ತೆ ಅನ್ನೋ ಪ್ರಯೋಗಗಳೂ ಅಲ್ಲಿ ನಡೆದ್ವು, ಈಗಲೂ ಆ ಹುಲ್ಲುಗಾವಲು ಇದೆ. ಆದ್ರೆ ದಯವಿಟ್ಟು ಇದನ್ನ ಓದಿ ಕಡ್ಡಿ ಗೀರಬೇಡಿ. ಬೆಂಕಿ ದಾಟದ ಹಾಗೆ ಸುತ್ತ ಹುಲ್ಲು ಕೆತ್ತಿ ಬೆಂಕಿ ರೇಖೆ ಮಾಡಬೇಕು, ಗಾಳಿ ಮತ್ತೆ ತೇವ ನೋಡಬೇಕು, ನೀರು ಮತ್ತೆ ಜನ ರೆಡಿ ಇರಬೇಕು, ಅನುಮತಿ ಬೇಕು, ಕಲಿತವರೇ ಮಾಡಬೇಕು. ಗಾಳಿ ಸರಿ ಇಲ್ಲ ಅಂತ ಇವರು ಎಲ್ಲ ತಯಾರಿ ಆದ್ಮೇಲೂ ವಾಪಸ್ ಹೋಗಿದ್ದುಂಟು, ಅದು ನನಗೆ ತುಂಬಾ ಹಿಡಿಸ್ತು.

ಫಲಿತಾಂಶ ಏನಾಯ್ತು ಅಂದ್ರೆ, ಬದುವಿನ ಹುಲ್ಲು ತಾನಾಗೇ ಹೊಲದೊಳಗೆ ಇಳಿದಿದೆ, ಕೆಂಪು ಬಟ್ಟೆ ಕಟ್ಟಿದ್ದ ಬುಡಗಳ ಸುತ್ತ ಮರಿಬುಡಗಳು. ಬೀಜ ಹಾಕಿದ ಕಡೆಗಿಂತ ಆ ಭಾಗವೇ ಚೆನ್ನಾಗಿದೆ ಅಂದ್ರೆ ಅತಿಶಯ ಅಲ್ಲ. ಮುನಿಯ ಹಕ್ಕಿಗಳು ಹುಲ್ಲುಕಡ್ಡಿ ಬಗ್ಗಿಸಿ ಬೀಜ ತಿನ್ನೋಕೆ ಗುಂಪಾಗಿ ಬರ್ತಿವೆ, ಲಾವಕ್ಕಿ ಕೂಗು ಕೇಳತ್ತೆ, ಮೊಲದ ಹಿಕ್ಕೆ ಎಲ್ಲ ಕಡೆ. ಕಾಂಗ್ರೆಸ್ ಗಿಡ ಪೂರ್ತಿ ಹೋಗಿಲ್ಲ, ಕುಂಟೆ ಹೊಡೆದ ಭಾಗದಲ್ಲಿ ಇನ್ನೂ ಏಳತ್ತೆ, ಹೂ ಬಿಡೋ ಮುಂಚೆ ಕೈಗೆ ಗ್ಲೌಸ್ ಹಾಕ್ಕೊಂಡು ಕೀಳ್ತಾ ಇರಬೇಕು.

ಯಾರು ತಗೋಬಹುದು ಅಂದ್ರೆ, ಮೂರ್ನಾಲ್ಕು ವರ್ಷ ತಾಳ್ಮೆ ಇರೋರು. ಒಂದೇ ಮಳೆಗಾಲದಲ್ಲಿ ಫೋಟೋಗೆ ಚೆಂದ ಕಾಣಬೇಕು ಅನ್ನೋರಿಗೆ ಇದು ಆಗಲ್ಲ. ಹೊಲ ಸಣ್ಣದಿದ್ದು ಬದುವಲ್ಲಿ ಹುಲ್ಲು ಉಳಿದಿದ್ರೆ ಪ್ಲಾನ್ ಮತ್ತೆ ಗಿಡ ತೆಗೆಯೋ ಕೆಲಸ ಇಷ್ಟೇ ತಗೊಳ್ಳಿ, ಸಾಕು. ಬೀಜ ತಗೊಳ್ಳೋದಾದ್ರೆ ಶುದ್ಧತೆ, ಮೊಳಕೆ, ಬೀಜ ಎಲ್ಲಿ ಸಂಗ್ರಹಿಸಿದ್ದು ಅನ್ನೋದು ಮೂರೂ ಬರಹದಲ್ಲಿ ಇಸ್ಕೊಳ್ಳಿ, ಹತ್ತಿರದ ಜಾಗದ್ದಾದಷ್ಟೂ ಒಳ್ಳೇದು, ಹೂವಿನ ಗಿಡದ ಪಾಲು ಜಾಸ್ತಿ ಮಾಡಿಸಿ. ಅಡ್ವಾನ್ಸ್ ಕೊಡೋ ಮುಂಚೆ, ಗೂಡು ಮಾಡೋ ತಿಂಗಳುಗಳಲ್ಲಿ ನಿಮಗೆ ಫೋನ್ ಮಾಡದೇ ಯಾರೂ ಮಷೀನ್ ತರಬಾರದು ಅನ್ನೋ ಒಂದು ಸಾಲನ್ನ ಅಗ್ರಿಮೆಂಟಲ್ಲಿ ಬರೆಸ್ಕೊಳ್ಳಿ.